ಘಟ್ಟ ಇಳಿಯುವ ಮುನ್ನ ಎಣಿಸಬೇಕಾದ ಉಸಿರು

ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕು ಎಂಬ ಕೂಗಿಗೆ ನನ್ನ ದನಿಯೂ ಸೇರಿದೆ. 2019ರಲ್ಲಿ ಜಾಲತಾಣಗಳಲ್ಲಿ ಆ ಬೇಡಿಕೆ ಎದ್ದಾಗಲೂ ಸೇರಿತ್ತು. 2022ರ ಜುಲೈ 20ರಂದು ಹೊನ್ನಾವರ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡಾಗ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ ಊಟ ಸೇರದೆ ಕೂತವರಲ್ಲಿ ನಾನೂ ಒಬ್ಬಳು. ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಜನ ಅಂದು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹನ್ನೆರಡು ತಾಲ್ಲೂಕುಗಳು, ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ನೆಲ, 2011ರ ಜನಗಣತಿಯಲ್ಲೇ 14 ಲಕ್ಷ ದಾಟಿದ ಜನ. ಇಷ್ಟು ದೊಡ್ಡ ಜಿಲ್ಲೆಯವರು ಜೀವ ಉಳಿಸಿಕೊಳ್ಳಲು ಮಣಿಪಾಲ, ಹುಬ್ಬಳ್ಳಿ, ಮಂಗಳೂರು, ಗೋವಾ ಎಂದು ದಿಕ್ಕಿಗೊಬ್ಬರಂತೆ ಓಡುವುದು ನ್ಯಾಯವಲ್ಲ.

ಆದರೆ ಬ್ಯಾನರುಗಳಲ್ಲಿ ಕಾಣದ ಒಂದು ಮಾತಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು ಅದನ್ನು ಹೇಳದೆ ಇರಲಾರೆ. ನಮ್ಮನ್ನು ಈಗ ಶುಶ್ರೂಷಣಾಧಿಕಾರಿಗಳು ಎನ್ನುತ್ತಾರೆ. ರೋಗಿಗಳ ಬಾಯಲ್ಲಿ ನಾವು ಇಂದಿಗೂ ಸಿಸ್ಟರ್‌ಗಳೇ. ಶಸ್ತ್ರಚಿಕಿತ್ಸೆಯ ರೋಗಿಗಳು ಓಟಿಯ, ಅಂದರೆ ಶಸ್ತ್ರಚಿಕಿತ್ಸೆಯ ಕೋಣೆಯ, ಮೇಜಿನ ಮೇಲೆ ಸಾಯುವುದು ಬಹಳ ಅಪರೂಪ. ಅವರು ಸಾಯುವುದು ಆಮೇಲೆ, ಎರಡನೆಯ ದಿನವೋ ಐದನೆಯ ದಿನವೋ, ವಾರ್ಡಿನ ಹಾಸಿಗೆಯಲ್ಲಿ, ಬಹಳ ಸಲ ರಾತ್ರಿ ಹೊತ್ತಿನಲ್ಲಿ. ಆ ಸಾವು ಏಕಾಏಕಿ ಬರುವುದಿಲ್ಲ. ಗಂಟೆಗಳ ಮೊದಲೇ ಮೈ ಸೂಚನೆ ಕೊಡುತ್ತಿರುತ್ತದೆ. ಆ ಸೂಚನೆಯನ್ನು ಯಾರು ನೋಡಿದರು, ನೋಡಿದ ಮೇಲಿನ ಒಂದು ಗಂಟೆಯಲ್ಲಿ ಏನು ಮಾಡಿದರು ಎಂಬುದರ ಮೇಲೆ ಜೀವ ನಿಂತಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಬೆಂಗಳೂರಿನಲ್ಲಿ ಒಂದು ಗಂಟೆ ತಡವಾದರೆ ಮುಂದಿನ ವೃತ್ತದಲ್ಲಿ ಇನ್ನೊಂದು ಆಸ್ಪತ್ರೆ ಸಿಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದಿಂದ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೂ, ಭಟ್ಕಳದಿಂದ ಮಣಿಪಾಲಕ್ಕೂ ನೂರರ ಆಸುಪಾಸು. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ದಾಟುವವರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ದಾರಿಗೆ ಮೂರು ಗಂಟೆ ಬೇಕಾದ ಊರಿನಲ್ಲಿ ರೋಗಿಯ ಸ್ಥಿತಿ ಕೆಡುತ್ತಿರುವುದು ಮೂರು ಗಂಟೆ ಮೊದಲೇ ಗೊತ್ತಾಗಬೇಕು. ದೊಡ್ಡ ಆಸ್ಪತ್ರೆ ಎಷ್ಟು ದೂರವೋ, ಸಣ್ಣ ಆಸ್ಪತ್ರೆಯ ಕಣ್ಣು ಅಷ್ಟು ಚುರುಕಾಗಿರಬೇಕು.

ಇದನ್ನು ನಾನು ಕಲಿತದ್ದು ಒಬ್ಬ ಅಜ್ಜನ ಹಾಸಿಗೆಯ ಪಕ್ಕದಲ್ಲಿ. ಜುಲೈ ತಿಂಗಳು, ಹೊರಗೆ ಹಂಚು ಒಡೆಯುವಂಥ ಮಳೆ. ಎಪ್ಪತ್ತು ದಾಟಿದ ಅಡಿಕೆ ಬೆಳೆಗಾರರು. ಹೊಟ್ಟೆಯ ಹುಣ್ಣು ತೂತಾಗಿ ಬಂದಿದ್ದರು. ತೂತು ಮುಚ್ಚುವ ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿತ್ತು. ಅಂದು ಮೂರನೆಯ ರಾತ್ರಿ. ನಲವತ್ತು ಹಾಸಿಗೆಗೆ ನಾನೊಬ್ಬಳು, ಒಬ್ಬರು ಆಯಾ. ಹನ್ನೆರಡರ ಹೊತ್ತಿಗೆ ಅಜ್ಜ ಎದ್ದು ಕೂತು ಮಗನನ್ನು ಕರೆಯತೊಡಗಿದರು. “ಮಾಣಿ, ಏಳು. ಕೊಟ್ಟಿಗೆಗೆ ಹೋಗಬೇಕು. ದನಗಳಿಗೆ ಹುಲ್ಲು ಹಾಕಲಿಲ್ಲ.” ಮಗ ನನ್ನ ಮುಖ ನೋಡಿ, “ಅಪ್ಪಯ್ಯನಿಗೆ ಮನೆ ನೆನಪಾಗಿದೆ ಸಿಸ್ಟರ್. ಬೇರೆ ಕಡೆ ಅವರಿಗೆ ನಿದ್ದೆ ಬರುವುದಿಲ್ಲ” ಎಂದ. ನನಗೂ ಹಾಗೆಯೇ ಅನಿಸಿತು. “ಮಲಗಿ ಅಜ್ಜ, ಬೆಳಗಾಗಲಿ” ಎಂದು ಹೊದಿಕೆ ಸರಿಮಾಡಿದೆ.

ಬಿಪಿ ನೋಡಿದೆ, 110ಕ್ಕೆ 80. ನಾಡಿ 112. ಜ್ವರ 100.8. ಉಸಿರಿನ ಅಂಕಣದಲ್ಲಿ 18 ಎಂದು ಬರೆದೆ. ಎಣಿಸಿ ಬರೆದದ್ದಲ್ಲ, ಅಭ್ಯಾಸದಿಂದ ಬರೆದದ್ದು. ಎರಡು ಗಂಟೆಗೆ ಮತ್ತೆ 18. ನಾಲ್ಕೂವರೆಗೆ ಹೋದಾಗ ಅಜ್ಜನ ಕೈ ತಣ್ಣಗಿತ್ತು, ಹಣೆಯ ಮೇಲೆ ತಂಪು ಬೆವರು, ಮೂತ್ರದ ಚೀಲದ ತಳದಲ್ಲಿ ಕಡು ಚಹಾದ ಬಣ್ಣದ್ದು ಒಂದಿಷ್ಟು. ಬಿಪಿಯ ಮೇಲಿನ ಅಂಕಿ 80ಕ್ಕೆ ಇಳಿದಿತ್ತು. ಆಗ ಡಾಕ್ಟರಿಗೆ ಫೋನ್ ಮಾಡಿದೆ. ಬೆಳಗ್ಗೆ ಹುಬ್ಬಳ್ಳಿಗೆ ರೆಫರ್ ಆಯಿತು. ಅಜ್ಜ ಹುಬ್ಬಳ್ಳಿ ತಲುಪಲಿಲ್ಲ.

ಆ ರಾತ್ರಿ ಅವರ ಹೊಟ್ಟೆಯೊಳಗೆ ಆಗುತ್ತಿದ್ದದ್ದು ಇಷ್ಟು. ಮುಚ್ಚಿದ ಜಾಗ ಸೋರತೊಡಗಿತ್ತು. ಕರುಳಿನ ದ್ರವ ಹೊಟ್ಟೆಯ ಪೊರೆಗೆ ತಾಗಿ ಸೋಂಕು ರಕ್ತಕ್ಕೆ ಇಳಿದಿತ್ತು. ಸೋಂಕು ರಕ್ತಕ್ಕೆ ಇಳಿದಾಗ ರಕ್ತನಾಳಗಳು ಸಡಿಲಗೊಂಡು ಅವುಗಳಿಂದ ನೀರಿನಂಶ ಹೊರಗೆ ಜಿನುಗುತ್ತದೆ. ಅಂಗಾಂಗಗಳಿಗೆ ರಕ್ತ ಸಾಲದಾಗುತ್ತದೆ. ಆಮ್ಲಜನಕ ಸಾಕಷ್ಟು ಸಿಗದ ಜೀವಕೋಶಗಳು ಲ್ಯಾಕ್ಟಿಕ್ ಆಮ್ಲವನ್ನು ಉಗುಳುತ್ತವೆ. ರಕ್ತದಲ್ಲಿ ಹೆಚ್ಚಿದ ಈ ಆಮ್ಲತೆಯನ್ನು ತಗ್ಗಿಸಲು ಮೈಗೆ ಕೂಡಲೇ ಒದಗುವ ದಾರಿ ಒಂದೇ. ಬೇಗ ಬೇಗ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುವುದು. ಅದಕ್ಕೇ ಬಿಪಿ ಬೀಳುವುದಕ್ಕಿಂತ ಬಹಳ ಮೊದಲು ಉಸಿರಿನ ವೇಗ ಏರುತ್ತದೆ. ಶ್ವಾಸಕೋಶದ ತಳ ಮುದುಡಿದರೂ, ಕಾಲಿನಿಂದ ಹೊರಟ ರಕ್ತದ ಹೆಪ್ಪು ಎದೆಗೆ ಸೇರಿದರೂ, ಒಳಗೆ ರಕ್ತ ಸೋರುತ್ತಿದ್ದರೂ ಮೊದಲು ಮಾತಾಡುವುದು ಉಸಿರೇ. ಅದನ್ನು ಅಳೆಯಲು ಯಂತ್ರ ಬೇಡ, ಬಟ್ಟೆ ಸರಿಸಿ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಆಸ್ಪತ್ರೆಯ ಚಾರ್ಟುಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾದ ಅಳತೆಯೂ ಇದೇ. ಯಾವ ವಾರ್ಡಿಗಾದರೂ ಹೋಗಿ ಚಾರ್ಟ್ ತಿರುವಿ ನೋಡಿ, ಸಾಲುಸಾಲಾಗಿ 18, 20, 18, 20 ಸಿಗುತ್ತದೆ. ನಲವತ್ತು ಮಂದಿ ರೋಗಿಗಳು ಒಂದೇ ತಾಳದಲ್ಲಿ ಉಸಿರಾಡುವುದುಂಟೇ?

ಕೋವಿಡ್ ಕಾಲದಿಂದ ಮನೆಮನೆಯಲ್ಲಿ ಆಕ್ಸಿಮೀಟರ್ ಬಂದಿದೆ. ಅದು ಒಳ್ಳೆಯದೇ. ಆದರೆ ಬೆರಳಿಗೆ ಸಿಕ್ಕಿಸಿದಾಗ 96 ತೋರಿಸಿತೆಂದರೆ ಉಸಿರಾಟ ಸರಿ ಇದೆ ಎಂದು ನಂಬುವ ಅಭ್ಯಾಸವೂ ಜೊತೆಗೇ ಬಂದಿದೆ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಮಾತ್ರ. ಅಷ್ಟನ್ನು ಉಳಿಸಿಕೊಳ್ಳಲು ರೋಗಿ ನಿಮಿಷಕ್ಕೆ ಹದಿನಾರು ಸಲ ಉಸಿರಾಡುತ್ತಿದ್ದಾನೋ ಮೂವತ್ತು ಸಲವೋ ಎಂಬುದು ಆ ಪುಟ್ಟ ಪರದೆಗೆ ತಿಳಿಯದು.

ಬಿಪಿಯ ಮೇಲಿನ ನಂಬಿಕೆಯೂ ಇಂಥದೇ. “ಬಿಪಿ ನಾರ್ಮಲ್ ಇದೆ” ಎಂಬ ಮಾತು ಎಷ್ಟು ಮನೆಗಳಿಗೆ ಸುಳ್ಳು ಸಮಾಧಾನ ಕೊಟ್ಟಿದೆಯೋ! ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಲೀಟರ್, ಒಂದೂವರೆ ಲೀಟರ್ ಸೋರುವವರೆಗೂ ಗಟ್ಟಿಮುಟ್ಟಾದ ಯುವಕನ ಬಿಪಿಯ ಮೇಲಿನ ಅಂಕಿ ಬೀಳದೆ ಇರಬಹುದು. ಚರ್ಮದ, ಕೈಕಾಲಿನ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ಓಡಿಸಿ, ಮೈ ಆ ಅಂಕಿಯನ್ನು ಕಾಯ್ದುಕೊಳ್ಳುತ್ತದೆ. ಕೈ ತಣ್ಣಗಾಗುವುದು, ನಾಡಿ ಏರುವುದು, ಮೂತ್ರ ಇಳಿಯುವುದು, ಮೇಲಿನ ಮತ್ತು ಕೆಳಗಿನ ಬಿಪಿಯ ನಡುವಿನ ಅಂತರ ಕಿರಿದಾಗುವುದು ಎಲ್ಲವೂ ಅದರ ಗುರುತುಗಳು. ಬಿಪಿ ಬಿದ್ದಾಗ ಮೈ ತನ್ನ ಗಂಟನ್ನೆಲ್ಲ ಖರ್ಚು ಮಾಡಿ ಮುಗಿಸಿರುತ್ತದೆ. ಇನ್ನೊಂದು ಮಾತು. ಅಜ್ಜನ ಹಳೆಯ ಚೀಟಿಗಳಲ್ಲಿ ಬಿಪಿ ಯಾವಾಗಲೂ 150ರ ಹತ್ತಿರ ಇರುತ್ತಿತ್ತು. 150 ಇರುವವರಿಗೆ 110 ಎಂದರೆ ಅದು ಸರಿಯಾದ ಬಿಪಿ ಅಲ್ಲ, ಆಗಲೇ ಇಳಿದ ಬಿಪಿ. ಆ ಚೀಟಿಗಳು ಕೇಸ್‌ಶೀಟಿನ ಹಿಂಬದಿಯಲ್ಲೇ ಪಿನ್ ಹೊಡೆದುಕೊಂಡು ಇದ್ದವು.

ಮೂತ್ರದ ಲೆಕ್ಕ ಸುಲಭ. ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಆದರೂ ಬರಬೇಕು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿ. ಅಷ್ಟೂ ಬಾರದಿದ್ದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ ಎಂದೇ ಮೊದಲು ಯೋಚಿಸಬೇಕು. ಬೆಳಗ್ಗೆ ಆರಕ್ಕೆ ಒಟ್ಟು ಬರೆದರೆ ಸಾಲದು, ಗಂಟೆಗೊಮ್ಮೆ ನೋಡಬೇಕು.

ಈ ಚೂರುಪಾರು ಸೂಚನೆಗಳನ್ನೆಲ್ಲ ಒಟ್ಟುಗೂಡಿಸಲು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕಪಟ್ಟಿಯನ್ನು ಹೊರತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿತು. ‘ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ನ್ಯೂಸ್’ ಎನ್ನುತ್ತಾರೆ. ಉಸಿರಿನ ವೇಗ, ರಕ್ತದ ಆಮ್ಲಜನಕ, ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದಾರೆಯೇ, ಮೇಲಿನ ಬಿಪಿ, ನಾಡಿ, ಎಚ್ಚರ, ಜ್ವರ: ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಸರಿ ಇದ್ದರೆ ಸೊನ್ನೆ, ಕೆಟ್ಟಷ್ಟೂ ಹೆಚ್ಚು. ಒಟ್ಟು ಐದಾದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. ಏಳಾದರೆ ಅದು ತುರ್ತು ಪರಿಸ್ಥಿತಿ. ತೀವ್ರ ನಿಗಾ ಗೊತ್ತಿರುವವರು ಹಾಸಿಗೆಯ ಬಳಿ ಇರಬೇಕು. 2017ರ ಪರಿಷ್ಕರಣೆಯಲ್ಲಿ ಒಂದು ಹೊಸ ವಿಷಯ ಸೇರಿತು. ಹೊಸದಾಗಿ ಕಾಣಿಸಿಕೊಂಡ ಗೊಂದಲ, ಅಂದರೆ ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ತಾಳತಪ್ಪಿ ಮಾತಾಡುವುದು. ಅದೊಂದಕ್ಕೇ ಮೂರು ಅಂಕ.

ಅಜ್ಜನ ಕಾಲದಲ್ಲಿ ಈ ಪಟ್ಟಿ ನಮ್ಮ ವಾರ್ಡಿನಲ್ಲಿ ಇರಲಿಲ್ಲ. ಆಮೇಲೆ ಅದನ್ನು ಓದಿದ ದಿನ ನಾನು ಮೊದಲು ಮಾಡಿದ್ದು ಆ ರಾತ್ರಿ ಹನ್ನೆರಡರ ಅಂಕಿಗಳನ್ನು ಕೂಡಿಸಿದ್ದು. ನಾಡಿ 112ಕ್ಕೆ ಎರಡು. ಬಿಪಿ 110ಕ್ಕೆ ಒಂದು. ಜ್ವರ 100.8, ಅಂದರೆ 38.2 ಸೆಲ್ಸಿಯಸ್, ಅದಕ್ಕೆ ಒಂದು. ದನಗಳಿಗೆ ಹುಲ್ಲು ಹಾಕಲಿಲ್ಲ ಎಂದದ್ದಕ್ಕೆ ಮೂರು. ಒಟ್ಟು ಏಳು. ಎಣಿಸದೆ ಬಿಟ್ಟ ಉಸಿರನ್ನು ಲೆಕ್ಕಕ್ಕೆ ಹಿಡಿಯದೆಯೇ ಏಳು. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವಂಥದಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ಸ್ವಲ್ಪ ಜ್ವರ ಸಹಜ, ನೋವಿಗೆ ನಾಡಿ ಏರುವುದು ಸಹಜ, ಮುದುಕರು ರಾತ್ರಿ ಬಡಬಡಿಸುವುದು ಸಹಜ ಎಂದು ನಾವು ಪ್ರತಿಯೊಂದಕ್ಕೂ ಒಂದು ಸಮಾಧಾನ ಹುಡುಕುತ್ತೇವೆ. ಕೂಡಿಸಿದಾಗ ಮಾತ್ರ ಚಿತ್ರ ಕಾಣುತ್ತದೆ. ಹನ್ನೆರಡರಿಂದ ನಾಲ್ಕೂವರೆಯವರೆಗೆ ಕಳೆದುಹೋದ ಹೊತ್ತಿನಲ್ಲಿ ಒಂದು ಆಂಬುಲೆನ್ಸ್ ಹುಬ್ಬಳ್ಳಿ ಮುಟ್ಟಿ ಹಿಂದಿರುಗುವ ದಾರಿಯಲ್ಲಿರಬಹುದಿತ್ತು.

ಅಂಕಪಟ್ಟಿಯೇ ಸರ್ವಸ್ವ ಎಂದು ನಾನು ಹೇಳುತ್ತಿಲ್ಲ. ಮಕ್ಕಳಿಗೂ ಗರ್ಭಿಣಿಯರಿಗೂ ಅದು ಹೊಂದುವುದಿಲ್ಲ. ಬಿಪಿಗೆಂದು ಹೃದಯದ ಬಡಿತ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಎಷ್ಟೇ ರಕ್ತ ಸೋರಿದರೂ ನಾಡಿ ಏರದೆ ಇರಬಹುದು. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ. ವಯಸ್ಸಾದವರಲ್ಲಿ ಘೋರ ಸೋಂಕಿದ್ದರೂ ಜ್ವರವೇ ಬಾರದಿರಬಹುದು. ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಡ್ರೇನ್ ನಳಿಕೆಯಲ್ಲಿ ಬಂದದ್ದು ತಿಳಿಯೋ ಹಸಿರೋ ರಕ್ತವೋ, ಹೊಟ್ಟೆ ಉಬ್ಬರಿಸಿದೆಯೋ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅನುಭವಿ ಸಿಸ್ಟರ್ ಒಬ್ಬರು “ಯಾಕೋ ಈ ರೋಗಿ ಸರಿ ಕಾಣುತ್ತಿಲ್ಲ” ಎಂದರೆ ಅಂಕ ಎಷ್ಟೇ ಇರಲಿ, ಹೋಗಿ ನೋಡಲೇಬೇಕು.

ಬಯಲುಸೀಮೆಯಲ್ಲಿ ಅಷ್ಟಾಗಿ ಕಾಣದ, ನಮ್ಮ ಕಡೆ ಪ್ರತಿವರ್ಷ ಕಾಣುವ ಒಂದು ಸಂಗತಿಯಿದೆ. ಮಳೆ ಶುರುವಾಗುವಾಗ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಆಮೇಲೆ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯಲು ಅಡಿಕೆ ಮರ ಹತ್ತಿದವರು ಜಾರಿ ಬೀಳುತ್ತಾರೆ. ಎಡಪಕ್ಕೆಗೆ ಪೆಟ್ಟು ಬಿದ್ದ, ಕೊನೆ ಕೊಯ್ಯುವ ಕೊನೆಗೌಡರೊಬ್ಬರು ಒಂದು ಸಂಜೆ ನಮ್ಮಲ್ಲಿ ದಾಖಲಾದರು. ಪಕ್ಕೆಲುಬು ಬಿರುಕು ಬಿಟ್ಟಿತ್ತು, ಬಿಪಿ ಚೆನ್ನಾಗಿತ್ತು, ಮಾತಾಡುತ್ತಿದ್ದರು. ರಾತ್ರಿ ಎಡಭುಜ ನೋಯುತ್ತದೆ ಎಂದರು. ಭುಜದ ಮೇಲೆ ಒಂದು ಗೀರೂ ಇರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಶಸ್ತ್ರಚಿಕಿತ್ಸಕರು ಹೇಳುತ್ತಿದ್ದ ಮಾತೊಂದು ನೆನಪಾಯಿತು. ಪೆಟ್ಟಿಲ್ಲದ ಎಡಭುಜ ನೋಯುತ್ತಿದ್ದರೆ ಹೊಟ್ಟೆ ನೋಡಿ. ಎಡಪಕ್ಕೆಲುಬಿನ ಅಡಿಯಲ್ಲಿರುವ ಗುಲ್ಮ (ಸ್ಪ್ಲೀನ್) ಒಡೆದು ಸೋರಿದ ರಕ್ತ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು, ಕೆಣಕುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುವುದರಿಂದ ಮಿದುಳು ನೋವನ್ನು ಭುಜದ ಲೆಕ್ಕಕ್ಕೆ ಹಾಕುತ್ತದೆ. ಆ ರಾತ್ರಿ ಉಸಿರು ಎಣಿಸಿದೆ, 26 ಇತ್ತು. ಡಾಕ್ಟರಿಗೆ ಕೂಡಲೇ ಫೋನ್ ಮಾಡಿದೆ. ಬಿಪಿ ಬೀಳುವ ಮೊದಲೇ ಅವರು ಹೊಟ್ಟೆ ತೆರೆದರು. ಮುಂದಿನ ವರ್ಷ ಅದೇ ಕೊನೆಗೌಡರು ಒಂದು ಕೊನೆ ಅಡಿಕೆಯನ್ನು ವಾರ್ಡಿನ ಬಾಗಿಲಲ್ಲಿ ಇಟ್ಟು ಹೋದರು.

ಗುರುತಿಸಿದ ಮೇಲೆ ಏನು ಎಂಬುದು ಮುಂದಿನ ಪ್ರಶ್ನೆ. ಜಗತ್ತಿನಾದ್ಯಂತ ಪಾಲಿಸುವ ಕ್ರಮ ಒಂದೇ. ಮೊದಲು ಉಸಿರುದಾರಿ ತೆರೆದಿದೆಯೇ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಆಮೇಲೆ ಎಚ್ಚರ ಮತ್ತು ಸಕ್ಕರೆ, ಕೊನೆಗೆ ಬಟ್ಟೆ ಸರಿಸಿ ಗಾಯ, ಹೊಟ್ಟೆ, ಡ್ರೇನ್, ಕಾಲು ಎಲ್ಲವನ್ನೂ ನೋಡುವುದು. ಯಾವುದು ಮೊದಲು ಕೊಲ್ಲುತ್ತದೋ ಅದನ್ನು ಮೊದಲು ಸರಿಪಡಿಸಬೇಕು, ಸರಿಪಡಿಸದೆ ಮುಂದಿನದಕ್ಕೆ ಹೋಗಬಾರದು. ರೋಗದ ಹೆಸರು ತಿಳಿಯುವವರೆಗೆ ಕಾಯುವುದಿಲ್ಲ. ಆಮ್ಲಜನಕ ಕೊಡು, ರಕ್ತನಾಳಕ್ಕೆ ಎರಡು ದಪ್ಪ ಸೂಜಿ ಹಾಕು, ರಕ್ತದ ಗುಂಪು ಹೊಂದಿಸಲು ಕಳಿಸು, ಮೂತ್ರದ ನಳಿಕೆ ಹಾಕು. ಇದಿಷ್ಟಕ್ಕೆ ಸೂಪರ್ ಸ್ಪೆಷಾಲಿಟಿ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಅಲಮಾರಿನಲ್ಲಿ ಇರುವ ವಸ್ತುಗಳೇ ಸಾಕು.

ಸೋಂಕು ರಕ್ತಕ್ಕೆ ಇಳಿದು ಬಿಪಿ ಬೀಳುತ್ತಿದ್ದರೆ ಗುರುತಿಸಿದ ಒಂದು ಗಂಟೆಯೊಳಗೆ ಪ್ರತಿಜೀವಕ ಔಷಧ ರಕ್ತನಾಳಕ್ಕೆ ಹೋಗಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಸಲೈನ್ ಮೊದಲ ಮೂರು ಗಂಟೆಗಳಲ್ಲಿ ಕಿಲೋಗೆ 30 ಮಿಲಿಯಷ್ಟು, 60 ಕಿಲೋದವರಿಗೆ ಸುಮಾರು 1.8 ಲೀಟರ್, ಹೃದಯ ಮತ್ತು ಶ್ವಾಸಕೋಶವನ್ನು ಗಮನಿಸುತ್ತ ಕೊಡಬೇಕು. ಆದರೆ ಇಲ್ಲಿ ನಾವು ಜಾರುವ ಒಂದು ಮೆಟ್ಟಿಲಿದೆ. ಎರಡು ಬಾಟಲಿ ಹೋದೊಡನೆ ಬಿಪಿ 80ರಿಂದ 100ಕ್ಕೆ ಏರುತ್ತದೆ, ಎಲ್ಲರ ಮುಖದಲ್ಲೂ ಕಳೆ ಬರುತ್ತದೆ, “ಬೆಳಗ್ಗೆ ನೋಡೋಣ” ಎಂಬ ಮಾತು ಬರುತ್ತದೆ. ಸೋರುವ ಕರುಳು ಸೋರುತ್ತಲೇ ಇರುತ್ತದೆ. ಶಸ್ತ್ರಚಿಕಿತ್ಸೆಯ ರೋಗಿಗೆ ಸಲೈನ್ ಎಂದರೆ ಸಮಯ ಕೊಳ್ಳುವ ದುಡ್ಡು, ಆ ಸಮಯದಲ್ಲಿ ಮತ್ತೆ ಹೊಟ್ಟೆ ತೆರೆದು ಸೋರುವ ಜಾಗ ಮುಚ್ಚಬೇಕು, ಕೀವು ತೆಗೆಯಬೇಕು. ರಕ್ತಸ್ರಾವವಾಗುತ್ತಿರುವವರಿಗಂತೂ ಸಲೈನ್ ಸುರಿದಷ್ಟೂ ಉಳಿದ ರಕ್ತ ನೀರಾಗಿ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಅವರಿಗೆ ಬೇಕಾದದ್ದು ರಕ್ತ.

ಅಪಘಾತದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಅಗ್ಗದ ಚುಚ್ಚುಮದ್ದೊಂದಿದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ‘ಕ್ರ್ಯಾಶ್-2’ ಅಧ್ಯಯನ ಅದರಿಂದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೆ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ, ಮೊದಲ ಗಂಟೆಯಲ್ಲಿ ಕೊಟ್ಟರೆ ಅತಿ ಹೆಚ್ಚು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಕೆಡುಕೇ ಆಗಬಹುದು. ಈಗ ಜೋಯಿಡಾದ ಒಳಹಳ್ಳಿಯಿಂದಲೋ ಸಿದ್ದಾಪುರದ ತೋಟದಿಂದಲೋ ಹೊರಡುವ ಗಾಯಾಳುವನ್ನು ನೆನೆಯಿರಿ. ದೊಡ್ಡ ಆಸ್ಪತ್ರೆ ತಲುಪುವ ಹೊತ್ತಿಗೆ ಆ ಮೂರು ಗಂಟೆ ಮುಗಿದಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಔಷಧ ಕೆಲಸ ಮಾಡಬೇಕಾದರೆ ಅದನ್ನು ಇಲ್ಲೇ, ಗಾಡಿ ಹತ್ತಿಸುವ ಮುನ್ನವೇ ಕೊಡಬೇಕು. ಸೋಂಕಿನ ರೋಗಿಯ ಮೊದಲ ಪ್ರತಿಜೀವಕಕ್ಕೂ ಇದೇ ಮಾತು.

ರೆಫರ್ ಎಂಬ ಪದವನ್ನು ನಮ್ಮಲ್ಲಿ ಕೈತೊಳೆದುಕೊಳ್ಳುವುದಕ್ಕೆ ಪರ್ಯಾಯವಾಗಿ ಜನ ಆಡುತ್ತಾರೆ. “ಇಲ್ಲಿ ಆಗುವುದಿಲ್ಲ, ಮುಂದೆ ಒಯ್ಯಿರಿ” ಎಂದು ಒಂದು ಚೀಟಿ ಬರೆದುಕೊಟ್ಟರೆ ಅದು ರೆಫರ್ ಅಲ್ಲ. ರೆಫರ್ ಎಂಬುದು ಚಿಕಿತ್ಸೆಯ ಒಂದು ಭಾಗ. ಹೊರಡುವ ಮೊದಲು ಸೂಜಿ ಗಟ್ಟಿಯಾಗಿ ಕೂತಿರಬೇಕು, ಸಿಲಿಂಡರಿನಲ್ಲಿ ದಾರಿಗೆ ಸಾಲುವಷ್ಟು ಆಮ್ಲಜನಕ ಇರಬೇಕು, ಪ್ರಜ್ಞೆ ಇಳಿಯುತ್ತಿರುವವರಿಗೆ ಉಸಿರುನಳಿಕೆ ಹಾಕಿರಬೇಕು. ಘಟ್ಟದ ತಿರುವಿನಲ್ಲಿ, ಓಲಾಡುವ ಗಾಡಿಯಲ್ಲಿ, ಟಾರ್ಚ್ ಬೆಳಕಿನಲ್ಲಿ ನಳಿಕೆ ಹಾಕಲು ಎಂಥ ಡಾಕ್ಟರಿಗೂ ಆಗದು. ತಲುಪಬೇಕಾದ ಆಸ್ಪತ್ರೆಗೆ ಫೋನ್ ಹೋಗಿರಬೇಕು, ಹಾಸಿಗೆ ಖಾಲಿ ಇದೆ ಎಂಬ ಉತ್ತರ ಬಂದಿರಬೇಕು. ಒಂದು ಆಸ್ಪತ್ರೆಯ ಬಾಗಿಲಿಂದ ಇನ್ನೊಂದಕ್ಕೆ ರೋಗಿಯನ್ನು ಹೊತ್ತು ಅಲೆದವರು ನಮ್ಮಲ್ಲಿ ಎಷ್ಟು ಮಂದಿ!

ದಾರಿಯೂ ನಮ್ಮ ಕೈಯಲ್ಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಮೂರೇ ವಾರಗಳಲ್ಲಿ, ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರವನ್ನು ಸದಾಶಿವಗಡ ಮತ್ತು ಗೋವಾ ಕಡೆಗೆ ಜೋಡಿಸುವ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಥ ರಾತ್ರಿಗಳಲ್ಲಿ ಕಾರವಾರದ ರೋಗಿಗೆ ಕಾರವಾರವೇ ಗತಿ, ಕುಮಟಾದ ರೋಗಿಗೆ ಕುಮಟಾವೇ ಗತಿ.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು. 108 ಆಂಬುಲೆನ್ಸ್ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. ಇವೆರಡೂ ಬರುವುದಕ್ಕೆ ಮೊದಲಿನ ದಿನಗಳನ್ನು ಕಂಡವಳಾಗಿ ಇವುಗಳ ಬೆಲೆ ನನಗೆ ಗೊತ್ತು. ಆದರೆ ಕಟ್ಟಡ ಮತ್ತು ಗಾಡಿ ಬಂದ ಮಾತ್ರಕ್ಕೆ ಸಾವು ಇಳಿಯುವುದಿಲ್ಲ ಎಂಬುದಕ್ಕೆ ಅಮೆರಿಕದಿಂದ ಬಂದ ಒಂದು ಅಧ್ಯಯನ ನನಗೆ ಸದಾ ನೆನಪಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾದ 84,730 ರೋಗಿಗಳ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅತಿ ಕಡಿಮೆ ಸಾವಿನ ಆಸ್ಪತ್ರೆಗಳಲ್ಲಿ ನೂರಕ್ಕೆ 3.5 ಮಂದಿ ಸತ್ತಿದ್ದರೆ ಅತಿ ಹೆಚ್ಚು ಸಾವಿನ ಆಸ್ಪತ್ರೆಗಳಲ್ಲಿ 6.9 ಮಂದಿ ಸತ್ತಿದ್ದರು. ಹಾಗಾದರೆ ಎರಡನೆಯ ಗುಂಪಿನಲ್ಲಿ ತೊಡಕುಗಳು ಇಮ್ಮಡಿ ಇದ್ದವೇ? ಇಲ್ಲ. ಶಸ್ತ್ರಚಿಕಿತ್ಸೆಯ ನಂತರದ ತೊಡಕು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನೂರರಲ್ಲಿ ಸುಮಾರು 25 ಮಂದಿಗೆ. ವ್ಯತ್ಯಾಸ ಇದ್ದದ್ದು ತೊಡಕು ಬಂದ ಮೇಲೆ ಆ ರೋಗಿಯನ್ನು ಬದುಕಿಸಿಕೊಂಡದ್ದರಲ್ಲಿ. ಕರುಳಿನ ಹೊಲಿಗೆ ಒಳ್ಳೆಯ ಕೈಯಲ್ಲೂ ಬಿಡಬಹುದು. ಬಿಟ್ಟದ್ದನ್ನು ಎಷ್ಟು ಬೇಗ ಕಂಡರು ಎಂಬುದರಲ್ಲೇ ಆಸ್ಪತ್ರೆ ಆಸ್ಪತ್ರೆಗೂ ಅಂತರ.

ಬೇಗ ಕಾಣಲು ಕಣ್ಣುಗಳು ಬೇಕು. ಅಂದರೆ ಶುಶ್ರೂಷಕಿಯರು ಬೇಕು. ನಲವತ್ತು ಹಾಸಿಗೆಗೆ ಒಬ್ಬಳನ್ನು ಬಿಟ್ಟು ಪ್ರತಿಯೊಬ್ಬರ ಉಸಿರನ್ನು ನಿಮಿಷ ಎಣಿಸು ಎಂದರೆ ಬರೀ ಎಣಿಕೆಗೇ ನಲವತ್ತು ನಿಮಿಷ ಹೋಯಿತು. ಔಷಧ ಕೊಡುವುದು, ಡ್ರಿಪ್ ಬದಲಿಸುವುದು, ಹೊಸ ದಾಖಲಾತಿ, ರಿಜಿಸ್ಟರ್ ಎಲ್ಲ ಬೇರೆ. ನಾನು ಬರೆದ 18ಕ್ಕೆ ಇದು ಕ್ಷಮೆಯಲ್ಲ, ಆದರೆ ಕಾರಣಗಳಲ್ಲಿ ಒಂದು. ಶಸ್ತ್ರಚಿಕಿತ್ಸಕರಿದ್ದೂ ಅರಿವಳಿಕೆ ತಜ್ಞರಿಲ್ಲದ ಕಾರಣಕ್ಕೆ ಓಟಿಯ ಬಾಗಿಲು ತೆರೆಯದ ರಾತ್ರಿಗಳನ್ನೂ ನಾನು ಕಂಡಿದ್ದೇನೆ. ಹಾಸಿಗೆಗಳ ಸಂಖ್ಯೆ ಕೇಳುವ ನಮ್ಮ ಹೋರಾಟಗಾರರು ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಸಿಸ್ಟರ್‌ಗಳು, ಅರಿವಳಿಕೆ ತಜ್ಞರು ಯಾರು, ರಕ್ತ ಎಲ್ಲಿದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು ಎಂಬುದು ನನ್ನ ಆಸೆ.

ಇನ್ನೊಂದು ಕಾರಣ ಹೇಳಲು ಕಷ್ಟವಾಗುತ್ತದೆ. ಅದು ಭಯ. ರಾತ್ರಿ ಎರಡಕ್ಕೆ ಫೋನ್ ಮಾಡಿ “ಸರ್, ರೋಗಿ ಯಾಕೋ ಸರಿ ಇಲ್ಲ” ಎಂದರೆ “ಸರಿ ಇಲ್ಲ ಎಂದರೆ ಏನು? ಬಿಪಿ ಎಷ್ಟು?” ಎಂದು ಬೈಸಿಕೊಂಡ ಸಿಸ್ಟರ್ ಮುಂದಿನ ಸಲ ಬಿಪಿ ಬೀಳುವವರೆಗೆ ಕಾಯುತ್ತಾಳೆ. ಇದಕ್ಕೆ ಮದ್ದು ಧೈರ್ಯವಲ್ಲ, ನಿಯಮ. ಏಳು ಅಂಕವಾದರೆ ಫೋನ್ ಮಾಡಲೇಬೇಕು, ಮಾಡದಿದ್ದರೆ ತಪ್ಪು ಎಂದು ಲಿಖಿತ ಆದೇಶವಿದ್ದರೆ ಆಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೇಗೆ ಹೇಳಬೇಕು ಎಂಬುದಕ್ಕೂ ಒಂದು ಅಚ್ಚು ಇದೆ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮವದು, ಆಮೇಲೆ ಆಸ್ಪತ್ರೆಗಳಿಗೆ ಬಂತು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಅನಿಸುತ್ತದೆ, ನೀವು ಏನು ಮಾಡಬೇಕು. ನಾಲ್ಕೇ ವಾಕ್ಯ. “ಸರ್, ಮೂರನೆಯ ದಿನದ ರೋಗಿ, ಅಂಕ ಏಳು. ಹುಣ್ಣಿನ ತೂತು ಮುಚ್ಚಿದ್ದು. ಒಳಗೆ ಸೋರುತ್ತಿದೆ ಎಂದು ನನಗೆ ಅನಿಸುತ್ತದೆ. ನೀವು ಈಗಲೇ ಬಂದು ನೋಡಬೇಕು.” ಕೊನೆಯ ಎರಡು ವಾಕ್ಯಗಳನ್ನು ಆಡುವ ಹಕ್ಕು ತನಗಿದೆ ಎಂದು ನಮ್ಮ ಹುಡುಗಿಯರಿಗೆ ತರಬೇತಿಯ ಮೊದಲ ವರ್ಷದಲ್ಲೇ ಕಲಿಸಬೇಕು.

ರೋಗಿಯ ಜೊತೆಗಿರುವವರಿಗೂ ಒಂದು ಮಾತು. ನಿಮ್ಮ ಅಪ್ಪಯ್ಯ, ನಿಮ್ಮ ಅಮ್ಮ ಹೇಗಿರುತ್ತಾರೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾತು ತಪ್ಪಿದರೆ, ಉಸಿರು ಜೋರಾದರೆ, ಕೈ ತಣ್ಣಗಾದರೆ, ಚೀಲದಲ್ಲಿ ಮೂತ್ರ ನಿಂತರೆ, ಸುಮ್ಮನಿದ್ದವರು ಚಡಪಡಿಸಿದರೆ ಬಂದು ಹೇಳಿ. ಒಂದು ಸಲ ಹೇಳಿದಾಗ ಗಮನ ಕೊಡದಿದ್ದರೆ ಮತ್ತೆ ಬಂದು ಹೇಳಿ. ತೀವ್ರವಾಗಿದ್ದ ಹೊಟ್ಟೆನೋವು ಇದ್ದಕ್ಕಿದ್ದಂತೆ ಕಡಿಮೆಯಾಗಿ ರೋಗಿ ಮಂಕಾದರೆ ಅದನ್ನು ಗುಣವೆಂದು ತಿಳಿಯಬೇಡಿ. ಅಪೆಂಡಿಕ್ಸ್ ಒಡೆದ ಗಳಿಗೆಯಲ್ಲಿ ಕೆಲವೊಮ್ಮೆ ಹಾಗಾಗುತ್ತದೆ.

ಇನ್ನು ಉಳಿದದ್ದು ಲೆಕ್ಕ ಇಡುವ ಕೆಲಸ. ಇಲ್ಲಿಂದ ರೆಫರ್ ಆದ ರೋಗಿ ತಲುಪಿದರೇ, ಬದುಕಿದರೇ, ಅಲ್ಲಿ ಹೊಟ್ಟೆ ತೆರೆದಾಗ ಏನು ಕಂಡಿತು ಎಂಬ ಸುದ್ದಿ ಕಳಿಸಿದ ವಾರ್ಡಿಗೆ ತಿರುಗಿ ಬರುವ ವ್ಯವಸ್ಥೆಯನ್ನು ನನ್ನ ಸೇವೆಯುದ್ದಕ್ಕೂ ನಾನು ಕಾಣಲಿಲ್ಲ. ತಿಂಗಳಿಗೊಮ್ಮೆ ಆ ಕೇಸ್‌ಶೀಟುಗಳನ್ನು ಮೇಜಿನ ಮೇಲೆ ಹರಡಿ, ಯಾರನ್ನೂ ದೂರದೆ, ಮೊದಲ ಸೂಚನೆ ಎಷ್ಟು ಗಂಟೆಗೆ ಬಂತು, ಮೊದಲ ಔಷಧ ಎಷ್ಟು ಗಂಟೆಗೆ ಹೋಯಿತು, ಗಾಡಿ ಎಷ್ಟು ಗಂಟೆಗೆ ಹೊರಟಿತು ಎಂಬ ಮೂರು ಹೊತ್ತನ್ನು ಬರೆದಿಟ್ಟರೆ ಸಾಕು. ಹೊಸ ಕಟ್ಟಡ ಬರುವವರೆಗೆ ಕಾಯದೆ ನಾಳೆಯೇ ಶುರುಮಾಡಬಹುದಾದ ಕೆಲಸ ಅದು.

ಅಜ್ಜ ಹೋದ ಸುದ್ದಿ ನನಗೆ ತಿಳಿದದ್ದು ಮೂರನೆಯ ದಿನ, ಇನ್ನೊಬ್ಬ ರೋಗಿಯನ್ನು ಕರೆತಂದ ಆಂಬುಲೆನ್ಸ್ ಚಾಲಕನ ಬಾಯಿಂದ. ಮುಂಡಗೋಡ ದಾಟಿದ ಮೇಲೆ ಹೋದರು ಎಂದ. ಅಷ್ಟರಲ್ಲಿ ಅವರ ಕೇಸ್‌ಶೀಟನ್ನು ದಾರ ಕಟ್ಟಿ ರೆಕಾರ್ಡ್ ಕೋಣೆಗೆ ಕಳಿಸಿ ಆಗಿತ್ತು. ಆಮೇಲೆ ಅದನ್ನು ಯಾರೂ ತೆರೆದು ನೋಡಲಿಲ್ಲ.